ಹೆದರಿಸಲು ಅಕ್ಕನಿಗೆ ಗೊತ್ತಿತ್ತು

ಹೋದ ವರ್ಷ ಸೆಖೆ ಶುರುವಾಗುವ ದಿನಗಳಲ್ಲಿ ಒಂದು ಮಧ್ಯಾಹ್ನ ಕುಂದಾಪುರದಿಂದ ಬೈಂದೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಾಲಬುಡದ ಚೀಲದಲ್ಲಿ ನನ್ನ ಎರಡನೆಯ ಕಾದಂಬರಿಯ ಇಪ್ಪತ್ತು ಪ್ರತಿಗಳಿದ್ದವು. ಬೈಂದೂರಿನ ಒಂದು ಓದುಗರ ಬಳಗದವರು ದೆವ್ವದ ಕತೆಗಳ ಬಗ್ಗೆ ಮಾತನಾಡಲು ಕರೆದಿದ್ದರು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಒಪ್ಪ ಮಾಡಿಕೊಳ್ಳುತ್ತಿದ್ದಾಗ ಮುಂದಿನ ಸೀಟಿನಿಂದ ನನ್ನ ಅಕ್ಕನ ದನಿ ಕೇಳಿಸಿತು.

ಅಕ್ಕ ಬಸ್ಸಿನಲ್ಲಿರಲಿಲ್ಲ. ಮುಂದೆ ಕೂತಿದ್ದ ಹೆಂಗಸಿನ ಫೋನಿನಲ್ಲಿ ಮಾತನಾಡುತ್ತಿದ್ದಳು.

"ಮಧ್ಯಾಹ್ನ ಹನ್ನೆರಡೂವರೆ ಆಯ್ಕ್. ಅಪ್ಪಯ್ಯಂಗ್ ಊಟದ್ ಡಬ್ಬಿ ತಕಂಡ್ ಹೊರ್ಟೆ. ಅರ್ಧ ಕಟ್ಟಿದ್ ಬೋಟ್ ಒಂದ್ ದಡದಂಗ್ ನಿಂತಿತ್ತ್. ಹತ್ರ ಹೋದ್ಕೂಡ್ಲೆ ಒಳ್ಗಿಂದ, 'ಊಟ ತಂದ್ಯಾ ಮಗಾ' ಅಂದ್ ಒಂದ್ ದನಿ. ಅಪ್ಪಯ್ಯನ್ ದನಿಯೇ. ಡಬ್ಬಿ ಒಳ್ಗ್ ಇಟ್ಟೆ. ತಿರ್ಗಿ ಕಂಡ್ರೆ, ಅಪ್ಪಯ್ಯ ಹೊಳಿ ಬದಿಂದ ಬಪ್ಪುದ್ ಕಂಡೆ."

ಆ ಹೆಂಗಸು ಸ್ಪೀಕರ್ ಹಾಕಿದ್ದ ಫೋನನ್ನು ಕಿವಿಗೆ ಇನ್ನಷ್ಟು ಹತ್ತಿರ ತಂದಳು. ಪಕ್ಕದಲ್ಲಿದ್ದ ಮುದುಕಿ ಅವಳ ಹೆಗಲಿಗೆ ತಲೆ ತಾಗಿಸಿ ಕೇಳುತ್ತಿದ್ದಳು. ಅಕ್ಕನಿಗೆ ಅವಸರವಿರಲಿಲ್ಲ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉಸಿರು ಬಿಡುವುದೂ ಕೇಳಿಸುತ್ತಿತ್ತು.

"ಅಪ್ಪಯ್ಯ ಬೋಟಿನ್ ಒಳ್ಗ್ ಹತ್ತಿ ಡಬ್ಬಿ ತಂದ್ರ್. ತೆಗ್ದ್ ಕಂಡ್ರೆ ಖಾಲಿ. ಖಾಲಿ ಆದ್ರೆ ಆಯ್ಲಿ. ತೊಳ್ದ್ ಇಟ್ಟಿತ್ತ್. ನೀರ್ ಇನ್ನೂ ಆರ್ಲಿಲ್ಲ."

ಮುದುಕಿ "ಅಯ್ಯೋ ದೇವ್ರೆ" ಅಂದು ಸೆರಗನ್ನು ಬಾಯಿಗೆ ಹಿಡಿದಳು. ಕಂಡಕ್ಟರ್ ಹಿಂದಿನಿಂದ ಕೂಗಿದ. "ಹ್ವಾಯ್ ಅಮ್ಮ, ನಿಮ್ಗ್ ಮರವಂತೆ ಅಲ್ದಾ? ಮರವಂತೆ ದಾಟಿ ಆಯ್ತ್." ಇಬ್ಬರೂ ಗಡಿಬಿಡಿಯಲ್ಲಿ ಎದ್ದು ಮುಂದಿನ ಸ್ಟಾಪಿನಲ್ಲಿ ಇಳಿದರು. ಇಳಿಯುವಾಗಲೂ ಫೋನು ಅವಳ ಕಿವಿಯ ಹತ್ತಿರವೇ ಇತ್ತು.

ನಾನು ದೆವ್ವದ ಕತೆ ಬರೆಯಲು ಹಿಡಿದು ಹನ್ನೊಂದು ವರ್ಷವಾಗಿತ್ತು. ನನ್ನ ಪುಸ್ತಕ ಓದುತ್ತ ಯಾರೂ ಇಳಿಯುವ ಸ್ಟಾಪು ಮರೆತದ್ದನ್ನು ನಾನು ಕಂಡಿರಲಿಲ್ಲ. ಎದೆಯ ಕೆಳಗೆ ಏನೋ ಹುಳಿಹುಳಿಯಾಗಿ ಮೇಲೆ ಬಂತು. ಬಸ್ಸಿನ ಕುಲುಕಾಟಕ್ಕೆ ಎಂದುಕೊಂಡೆ. ಬೈಂದೂರಿನಲ್ಲಿ ಇಳಿದ ಮೇಲೂ ಅದು ಹೋಗಲಿಲ್ಲ.

ನನ್ನದು ಕುಂದಾಪುರದಲ್ಲಿ ತಾಲೂಕು ಕಚೇರಿಯ ಹತ್ತಿರ ಒಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಪಹಣಿ ತಿದ್ದುಪಡಿ, ಪಡಿತರ ಚೀಟಿ, ಜಾತಿ ಪ್ರಮಾಣಪತ್ರ ಎಂದು ಜನ ಅರ್ಜಿ ಬರೆಸಲು ಬರುತ್ತಾರೆ. ಅವರು ಚೀಲದಲ್ಲಿ ಆಧಾರ್ ಕಾರ್ಡ್ ಹುಡುಕುತ್ತಿರುವಷ್ಟು ಹೊತ್ತಿಗೆ ನಾನು ಇನ್ನೊಂದು ಫೈಲು ತೆರೆದು ಕಾದಂಬರಿಯ ನಾಲ್ಕು ಸಾಲು ಬರೆದಿರುತ್ತೇನೆ. ದೆವ್ವದ ಕತೆ ಎಂದರೆ ಪ್ರಕಾಶಕರು ಮೂಗು ಮುರಿದರು. ಹಾಗಾಗಿ ನಾನೇ ಅಕ್ಷರ ಜೋಡಿಸಿ, ನಾನೇ ಮುಖಪುಟ ಮಾಡಿ, ಮುದ್ರಣಕ್ಕೆ ಕೊಟ್ಟು, ಕಟ್ಟು ಹೊತ್ತು ಅಂಗಡಿ ಅಂಗಡಿಗೆ ಕೊಟ್ಟು ಬಂದವನು. ಆ ವರ್ಷ ಮೂರನೆಯ ಕಾದಂಬರಿ ಮುಗಿಸುತ್ತೇನೆಂದು ಹೆಂಡತಿಯ ಹತ್ತಿರ ಹೇಳಿಕೊಂಡಿದ್ದೆ.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಹಂಗಾರಕಟ್ಟೆಯಲ್ಲಿದ್ದಾಳೆ, ನಾವು ಹುಟ್ಟಿ ಬೆಳೆದ ಊರಿನಲ್ಲೇ ಮದುವೆಯಾಗಿ. ನಮ್ಮ ಅಪ್ಪ ಅಲ್ಲಿ ಬೋಟು ಕಟ್ಟುವ ಬಡಗಿಯಾಗಿದ್ದರು. ಭಾವ ಮುಂಬೈಯ ಹೋಟೆಲೊಂದರಲ್ಲಿದ್ದಾರೆ, ವರ್ಷಕ್ಕೆರಡು ಸಲ ಬರುತ್ತಾರೆ. ಅಕ್ಕ ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಕೋಟದ ಹತ್ತಿರ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜದ ಸಿಪ್ಪೆ ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಸಾಲಾಗಿ ಕೂತ ಹೆಂಗಸರಿಗೆ ಕೈ ನಡೆಯುತ್ತಿರುವಾಗ ಅವಳು ಕತೆ ಹೇಳುವುದು ಬಹಳ ವರ್ಷದ ರೂಢಿ. ಪಕ್ಕದಲ್ಲಿ ಕೂರುವ ಗೆಳತಿಯೊಬ್ಬಳು ಒಂದು ದಿನ ಫೋನಿನಲ್ಲಿ ಅದನ್ನು ರೆಕಾರ್ಡು ಮಾಡಿ, ಮಗಳ ಸಹಾಯದಿಂದ ಒಂದು ಚಾನೆಲ್ ಮಾಡಿ ಹಾಕಿದಳು. ಹಿಂದೆ ಬೀಜ ಬುಟ್ಟಿಗೆ ಬೀಳುವ ಸದ್ದು ಹಾಗೇ ಕೇಳಿಸುತ್ತದೆ. ಎರಡು ತಿಂಗಳಲ್ಲಿ ಕುಂದಾಪುರದಿಂದ ಮುಂಬೈಯವರೆಗೆ ನಮ್ಮ ಕಡೆಯವರ ಎಲ್ಲ ಗ್ರೂಪುಗಳಲ್ಲಿ ಅಕ್ಕನ ದನಿ ಓಡಾಡತೊಡಗಿತು. ನನಗೆ ಅದು ಗೊತ್ತಾದದ್ದು ಆ ಬಸ್ಸಿನಲ್ಲಿ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಬೋಟಿನೊಳಗಿನ ಆ ದನಿ, ಆ ಡಬ್ಬಿ, ಅಕ್ಕನಿಗೆ ಹತ್ತು ಹನ್ನೊಂದು ವರ್ಷವಾಗಿದ್ದಾಗ ಆದದ್ದು. ಆಗ ನಾನು ನಾಲ್ಕು ವರ್ಷದವನು, ಮನೆಯಲ್ಲಿ ಮಲಗಿದ್ದೆ. ಅವಳು ನನಗೆ ಆ ಕತೆಯನ್ನು ಎಷ್ಟೋ ಸಲ ಹೇಳಿದ್ದಾಳೆ. ನನ್ನ ಮೊದಲ ಪುಸ್ತಕದ ಮೊದಲ ಕತೆ ಅದೇ. ಅದರಲ್ಲಿ ಹುಡುಗಿಯ ಬದಲು ಹುಡುಗ, ಅಂದರೆ ನಾನು. ಮುನ್ನುಡಿಯಲ್ಲಿ "ನನ್ನ ಬಾಲ್ಯದ ಅನುಭವ" ಎಂದು ಬರೆದುಕೊಂಡಿದ್ದೆ. ಅಕ್ಕನಿಗೆ ಒಂದು ಪ್ರತಿ ಕೊಟ್ಟಿದ್ದೆ. ಅವಳು ಅದನ್ನು ದೇವರ ಪಟದ ಹಿಂದೆ ಇಟ್ಟಿದ್ದಳು. ಓದಿದ್ದಾಳೋ ಇಲ್ಲವೋ ನಾನು ಕೇಳಿರಲಿಲ್ಲ.

ಬೈಂದೂರಿನ ಕಾರ್ಯಕ್ರಮಕ್ಕೆ ಒಂಬತ್ತು ಜನ ಬಂದಿದ್ದರು. ನಾನು ಭಯ ಎಂದರೇನು, ಅದನ್ನು ಹೇಗೆ ಕಟ್ಟಬೇಕು ಎಂದು ಮುಕ್ಕಾಲು ಗಂಟೆ ಮಾತನಾಡಿದೆ. ಕೊನೆಗೆ ಪ್ರಶ್ನೆ ಕೇಳಿ ಎಂದಾಗ ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತರು.

"ನೀವ್ ಹಂಗಾರಕಟ್ಟೆಯವ್ರ್ ಅಂದ್ರಿ ಅಲ್ದಾ? ಅಲ್ಲಿ ಒಬ್ರ್ ಅಕ್ಕ ಫೋನಂಗ್ ಕತಿ ಹೇಳ್ತ್ರಲೆ, ಬೀಜದ್ ಫ್ಯಾಕ್ಟ್ರಿಯವ್ರ್. ನಿಮ್ಗ್ ಪರಿಚಯ ಇತ್ತಾ?"

ನಾನು ಲೋಟ ಎತ್ತಿ ಒಂದು ಗುಟುಕು ನೀರು ಕುಡಿದೆ. ಆಮೇಲೆ "ಕೇಳಿದ ಹಾಗಿದೆ" ಅಂದೆ. ಒಡಹುಟ್ಟಿದ ಅಕ್ಕನನ್ನು ಒಂಬತ್ತು ಜನರ ಎದುರು ಗುರುತಿಲ್ಲದವಳನ್ನಾಗಿ ಮಾಡಲು ನನಗೆ ಅಷ್ಟೇ ಹೊತ್ತು ಸಾಕಾಯಿತು. ಉಳಿದ ಕಾಲು ಗಂಟೆ ಅವರೆಲ್ಲ ಅವಳ ಕತೆಗಳ ಬಗ್ಗೆ ಮಾತನಾಡಿದರು. ಮೇಷ್ಟ್ರು ಮಾತ್ರ ಹೋಗುವಾಗ ನನ್ನ ಪುಸ್ತಕ ಒಂದು ತೆಗೆದುಕೊಂಡರು, ಪಾಪ, ನನ್ನ ಮುಖ ನೋಡಿ.

ಅಲ್ಲಿಂದ ಮುಂದೆ ನಾನು ಮಾಡಿದ್ದು ಒಂದೇ ಕೆಲಸ. ಅಂಗಡಿಯಲ್ಲಿ ಕೂತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅಕ್ಕನ ಕತೆಗಳನ್ನು ಕೇಳುವುದು. ತಪ್ಪು ಹುಡುಕಲೆಂದೇ ಕೇಳುತ್ತಿದ್ದೆ. ಇಲ್ಲಿ ಹೇಳಿದ್ದನ್ನೇ ಹೇಳಿದಳು, ಇಲ್ಲಿ ವಾಕ್ಯ ಅರ್ಧಕ್ಕೇ ಬಿಟ್ಟಳು, ಇಲ್ಲಿ ಕತೆ ಬಿಟ್ಟು ಯಾರದೋ ಮದುವೆಯ ಸುದ್ದಿಗೆ ಹೋದಳು ಎಂದು ಕಾಗದದಲ್ಲಿ ಗುರುತು ಮಾಡಿಕೊಳ್ಳುತ್ತಿದ್ದೆ. ಗುರುತು ಮಾಡುತ್ತ ಮಾಡುತ್ತ ಪೆನ್ನು ನಿಂತುಬಿಡುತ್ತಿತ್ತು, ಮೈಮೇಲೆ ಮುಳ್ಳು ಏಳುತ್ತಿತ್ತು. ಒಮ್ಮೆ ಅರ್ಜಿಗೆ ಬಂದ ಮುದುಕರೊಬ್ಬರು ಎದುರು ನಿಂತು ಮೂರು ಸಲ ಕರೆದದ್ದೂ ನನಗೆ ಕೇಳಿಸಿರಲಿಲ್ಲ. ಅವರು ಕೌಂಟರು ಬಡಿದಾಗ ನಾನು ಬೆಚ್ಚಿ ಬಿದ್ದೆ. ಹೆದರಿದೆನೆಂಬ ಸಿಟ್ಟಿಗೆ ಆ ದಿನ ಮತ್ತೊಂದು ಸಾಲೂ ಬರೆಯಲಾಗಲಿಲ್ಲ.

ನನ್ನ ಕಾದಂಬರಿ ತೊಂಬತ್ತನೆಯ ಪುಟದಲ್ಲಿ ನಿಂತಿತ್ತು. ನಿರ್ಜನ ಬಂಗಲೆ, ಬಾವಿ, ಬಾವಿಯೊಳಗಿನಿಂದ ಏಳುವ ಹೆಣ. ಹೆಣ ಎದ್ದು ಕೈ ಚಾಚುವಲ್ಲಿಗೆ ಬಂದಾಗಲೆಲ್ಲ ಅಕ್ಕ ನಗುವುದು ಕೇಳಿಸಿದಂತಾಗುತ್ತಿತ್ತು. ಅವಳು ಹಾಗೆ ನಗುವವಳಲ್ಲ. ಆದರೂ ಕೇಳಿಸುತ್ತಿತ್ತು.

ಮಳೆ ಹಿಡಿಯುವ ಮೊದಲು ಬ್ರಹ್ಮಾವರದ ಕಾಲೇಜೊಂದರ ಕನ್ನಡ ಮೇಡಂ ಫೋನು ಮಾಡಿದರು. "ಸರ್, ನಮ್ಮ ಮಕ್ಕಳಿಗೆ ಒಂದು ಕತಾ ಶಿಬಿರ ಮಾಡ್ತಾ ಇದ್ದೇವೆ" ಅಂದರು. ನನ್ನ ಬೆನ್ನು ನೆಟ್ಟಗಾಯಿತು. ದಿನ ಯಾವುದು, ಎಷ್ಟು ಹೊತ್ತು ಎಂದೆಲ್ಲ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೆ. ಆಮೇಲೆ ಅವರು, "ನಿಮ್ಮ ಅಕ್ಕನವರನ್ನು ಕರೆದುಕೊಂಡು ಬರಲಿಕ್ಕೆ ಆಗ್ತದಾ? ಅವರ ನಂಬರು ನಮಗೆ ಸಿಗ್ಲಿಲ್ಲ. ನೀವೂ ಬನ್ನಿ ಸರ್, ಜೊತೆಗೆ" ಅಂದರು. ಅಕ್ಕನಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಗುವುದಿಲ್ಲ ಎಂದು ನಾನೇ ಉತ್ತರ ಕೊಟ್ಟೆ. ಅಕ್ಕನಿಗೆ ಈ ವಿಷಯ ಹೇಳಲೂ ಇಲ್ಲ.

ಆ ದಿನ ಮನೆಗೆ ಬಂದರೆ ಹೆಂಡತಿ ಬಸಳೆ ಕೊಚ್ಚಲು ಕೂತು ಅಕ್ಕನ ಕತೆ ಹಾಕಿಕೊಂಡಿದ್ದಳು. ನಾನು ಏನೂ ಕೇಳದೆ ಹೋಗಿ ಫೋನು ಬಂದ್ ಮಾಡಿದೆ.

"ಎಂತ ಆಯ್ತ್ ನಿಮ್ಗ್?" ಅಂದಳು.

"ಬರೆಯುವವರಿಗೆ ಮನೆಯಲ್ಲಿ ಸ್ವಲ್ಪ ಶಾಂತಿ ಬೇಕು."

"ನೀವ್ ಈಗ ಬರೀತಾ ಇರ್ಲಿಲ್ಲಲೆ. ಚಪ್ಪಲಿಯೂ ಬಿಚ್ಚಲಿಲ್ಲ." ಅವಳು ಕತ್ತಿಮಣೆಯಿಂದ ಏಳದೆಯೇ ನನ್ನನ್ನು ನೋಡಿದಳು. "ಹೊಟ್ಟೆಕಿಚ್ಚಾ?"

ನಾನು ಇಲ್ಲ ಅಂದೆ. ಅವಳು ಬಸಳೆ ದಂಟು ಕೊಚ್ಚುವುದನ್ನು ಮುಂದುವರಿಸಿದಳು. ಅವಳು ನನ್ನ ಮೂರೂ ಪುಸ್ತಕ ಓದಿದ್ದಾಳೆ, ಚೆನ್ನಾಗಿದೆ ಎಂದೂ ಹೇಳಿದ್ದಾಳೆ. ಆದರೆ ಅವನ್ನು ಓದುತ್ತ ಅವಳು ಮನೆಗೆಲಸ ಮರೆತದ್ದಿಲ್ಲ. ಅಕ್ಕನ ಕತೆ ಕೇಳುವಾಗ ಕತ್ತಿಮಣೆಯ ಮೇಲೆ ಬಸಳೆ ಹಿಡಿದ ಕೈ ಹಾಗೇ ನಿಂತಿದ್ದನ್ನು ನಾನು ಬಾಗಿಲಲ್ಲೇ ಕಂಡಿದ್ದೆ.

ಮರುದಿನ ಅಂಗಡಿಯಲ್ಲಿ ಕರೆಂಟು ಬರುವುದನ್ನು ಕಾಯುತ್ತ ಕೂತಿದ್ದಾಗ ಒಂದು ಕೆಲಸ ಮಾಡಿದೆ. ಫೋನಿನಲ್ಲಿ ಸುಳ್ಳು ಹೆಸರಿನ ಒಂದು ಖಾತೆ ತೆರೆದೆ. ಅಕ್ಕನ ಬೋಟಿನ ಕತೆಯ ಕೆಳಗೆ ಹೀಗೆ ಬರೆದೆ: "ವಸ್ತುತಃ ಈ ಕತೆಯು ಕುಂದಾಪುರದ ಲೇಖಕರೊಬ್ಬರ ಮೊದಲ ಕಥಾಸಂಕಲನದಲ್ಲಿ ಹತ್ತು ವರ್ಷಗಳ ಹಿಂದೆಯೇ ಪ್ರಕಟವಾಗಿದೆ. ಬೇರೆಯವರ ಶ್ರಮವನ್ನು ಕದ್ದು ತನ್ನ ಅನುಭವವೆಂದು ಹೇಳಿಕೊಳ್ಳುವುದು ಸರಿಯಲ್ಲ." ಪುಸ್ತಕದ ಹೆಸರನ್ನೂ ಪುಟಸಂಖ್ಯೆಯನ್ನೂ ಹಾಕಿದೆ. ಹತ್ತು ವರ್ಷ ಅದು ನನ್ನ ಕತೆಯೆಂದು ಹೇಳಿ ಹೇಳಿ, ಬೋಟಿನ ಎದುರು ಡಬ್ಬಿ ಹಿಡಿದು ನಿಂತದ್ದು ನಾನೇ ಎಂಬಂತೆ ಕಣ್ಣಿಗೆ ಕಟ್ಟಿತ್ತು. ಆದರೂ ಸತ್ಯ ಯಾವುದೆಂದು ನನಗೆ ಗೊತ್ತಿರಲಿಲ್ಲ ಎಂದರೆ ಅದು ಸುಳ್ಳು.

ಮೂರು ದಿನದಲ್ಲಿ ಆ ಕಮೆಂಟಿನ ಕೆಳಗೆ ಜಗಳ ಹತ್ತಿಕೊಂಡಿತು. ಯಾರೋ ಪುಸ್ತಕ ತೆಗೆದು ಪುಟದ ಫೋಟೊ ಹಾಕಿದರು. "ಕದ್ದ ಕತೆ", "ಮರ್ಯಾದೆ ಇಲ್ಲ", "ಓದು ಬರಹ ಇಲ್ಲದವರು ಬೇರೆಯವರದ್ದೇ ಹೇಳುವುದು" ಎಂದೆಲ್ಲ ಬಂತು. ಅಕ್ಕನ ಪರವಾಗಿ ಬರೆದವರೂ ಇದ್ದರು, ಆದರೆ ಪುಸ್ತಕದ ಪುಟ ಕಣ್ಣೆದುರಿಗಿತ್ತಲ್ಲ. ವಾರದೊಳಗೆ ಆ ಕತೆ ಚಾನೆಲ್ಲಿನಿಂದ ಹೋಯಿತು. ಆಮೇಲೆ ಹೊಸ ಕತೆ ಬರುವುದೂ ನಿಂತಿತು.

ಆ ವಾರ ನಾನು ಹದಿನಾರು ಪುಟ ಬರೆದೆ. ಊಟ ರುಚಿಸಿತು. ಹೆಂಡತಿಗೆ ಮಲ್ಲಿಗೆ ತಂದುಕೊಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೇ ಇತ್ತು.

ಇನ್ನೂ ಒಂದು ಆಯಿತು. ಆ ಜಗಳದಿಂದಾಗಿ ನನ್ನ ಮೊದಲ ಪುಸ್ತಕವನ್ನು ಕೇಳಿಕೊಂಡು ಜನ ಬರತೊಡಗಿದರು. ಉಳಿದಿದ್ದ ಪ್ರತಿಗಳೆಲ್ಲ ಹೋದವು. ಅದರಲ್ಲಿ ಒಂದನ್ನು ಅಂಚೆಯಲ್ಲಿ ಬೈಂದೂರಿಗೆ ಕಳಿಸಿದ್ದೆ. ಹತ್ತು ದಿನದ ಮೇಲೆ ಅದನ್ನು ತರಿಸಿಕೊಂಡ ಹೆಂಗಸು ಫೋನು ಮಾಡಿದರು.

"ನಿಮ್ ಪುಸ್ತಕ ಓದ್ದೆ ಮಾರಾಯ್ರೆ. ಆ ಬೋಟಿನ್ ಕತಿ. ಅದ್ರಂಗೆ ಡಬ್ಬಿ ತೊಳ್ದ್ ಇಡುದೇ ಇಲ್ಲಲೆ?"

"ಇಲ್ಲ. ನನ್ನ ಕತೆಯಲ್ಲಿ ಡಬ್ಬಿಯ ತುಂಬ ರಕ್ತ ಇರ್ತದೆ."

"ಹೌದ್, ಕಂಡೆ. ರಾತ್ರಿ, ಗುಡುಗು, ಮಿಂಚ್, ರಕ್ತ." ಅವರು ಸ್ವಲ್ಪ ತಡೆದರು, ನನಗೆ ಬೇಸರವಾಗಬಾರದೆಂದು ಇರಬೇಕು. "ಅವ್ರ್ ಕದ್ದದ್ದೇ ಆದ್ರೆ, ಆ ತೊಳ್ದ್ ಇಟ್ಟದ್ ಅವ್ರಿಗೆ ಎಲ್ಲಿಂದ ಸಿಕ್ತ್? ನಂಗ್ ಹೆದ್ರಿಕೆ ಆದ್ದೇ ಅಲ್ಲಿ. ಈಗ ಡಬ್ಬಿ ತೊಳಿವಾಗೆಲ್ಲ ನೆನ್ಪ್ ಆತ್ತ್."

ಅವರಿಗೆ ನಾನು ಏನು ಹೇಳಿದೆನೋ ನೆನಪಿಲ್ಲ. ಫೋನಿಟ್ಟು ಅಂಗಡಿಯ ಮೇಲಿನ ಅಟ್ಟದಿಂದ ಮೊದಲ ಪುಸ್ತಕದ ನನ್ನ ಪ್ರತಿ ತೆಗೆದು ಆ ಕತೆ ಓದಿದೆ. ಮಧ್ಯಾಹ್ನವನ್ನು ರಾತ್ರಿ ಮಾಡಿದ್ದೆ, ಅಪ್ಪನ ದನಿಯನ್ನು ಗುಡುಗಿನ ದನಿ ಮಾಡಿದ್ದೆ. ಅಕ್ಕ ಹೇಳಿದ್ದರಲ್ಲಿ ಏನೇನು ಹೆದರಿಸುತ್ತಿತ್ತೋ ಅದನ್ನೆಲ್ಲ ಒಂದೊಂದಾಗಿ ಕಿತ್ತು ಹಾಕಿದ್ದೆ. ನನಗೆ ಆಗ ಅನ್ನಿಸಿದ್ದು ಪಶ್ಚಾತ್ತಾಪವಲ್ಲ. ಮೊದಲು ಬಂದದ್ದು ಮತ್ತೂ ಹೊಟ್ಟೆಕಿಚ್ಚೇ. ಕದ್ದರೂ ಕದಿಯಲಾಗದೆ ಅವಳ ಹತ್ತಿರವೇ ಉಳಿದುಬಿಟ್ಟದ್ದು ಏನೋ ಇದೆಯಲ್ಲ ಎಂದು.

ಅದೇ ವಾರ ಅಕ್ಕನ ಗೆಳತಿ, ರೆಕಾರ್ಡು ಮಾಡುತ್ತಿದ್ದವಳು, ಅಂಗಡಿಗೆ ಬಂದಳು. ಯಾವುದೋ ಅರ್ಜಿಯ ನೆಪ. ಜೆರಾಕ್ಸ್ ಆಗುವವರೆಗೆ ನಿಂತಿದ್ದು ಹೇಳಿದಳು.

"ಅಕ್ಕ ಈಗ ಕೆಲ್ಸದ್ ಹೊತ್ತಲ್ಲೂ ಕತಿ ಹೇಳುದಿಲ್ಲ. ಕೇಂಡ್ರೆ, ನಂಗ್ ಮರ್ತೋಯ್ತ್ ಅಂತ್ರ್. ಇಡೀ ದಿನ ತಲೆ ಬಗ್ಸಿ ಬೀಜ ಬಿಡ್ಸುದೊಂದೇ. ಕೆಲವ್ರ್ ಎದ್ರೇ ಕೇಂತ್ರ್, ತಮ್ಮನ್ ಪುಸ್ತಕದ್ದ್ ಕದ್ಯಾ ಅಂದ್. ನೀವಾದ್ರೂ ಒಂದ್ ಮಾತ್ ಹೇಳಿ. ನೀವ್ ಹೇಳಿದ್ರೆ ಕೇಂತ್ರ್."

ಅವಳಿಗೆ ಗೊತ್ತಿರಲಿಲ್ಲ. ಜೆರಾಕ್ಸ್ ಪ್ರತಿಗಳನ್ನು ಜೋಡಿಸಿ ಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಹಂಗಾರಕಟ್ಟೆಗೆ ಹೋದೆ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಅಕ್ಕ ಮನೆಯ ಹಿಂದೆ ಬಾವಿಕಟ್ಟೆಯ ಹತ್ತಿರ ಕೂತು ಬೂತಾಯಿ ಮೀನು ಸ್ವಚ್ಛ ಮಾಡುತ್ತಿದ್ದಳು. ನನ್ನನ್ನು ಕಂಡವಳೇ, "ಬಾ ತಮ್ಮ. ಊಟ ಮಾಡ್ಕಂಡೇ ಹೋಯ್ಕ್" ಅಂದಳು. ನಾನು ಕಟ್ಟೆಯ ಮೇಲೆ ಕೂತೆ. ಏನು ಹೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದದ್ದೆಲ್ಲ ಮರೆತು ಹೋಗಿತ್ತು. ಮಕ್ಕಳ ಓದು, ಭಾವನ ಮೊಣಕಾಲು ನೋವು, ಹೊಳೆಯಲ್ಲಿ ಮೀನು ಕಡಿಮೆಯಾದದ್ದು ಎಂದು ಸ್ವಲ್ಪ ಹೊತ್ತು ಮಾತಾಯಿತು.

ಕೊನೆಗೆ ಹೇಳಿದೆ. "ಅಕ್ಕ, ಆ ಕಮೆಂಟು ಹಾಕಿದ್ದು ನಾನು."

ಅವಳ ಕೈ ನಿಲ್ಲಲಿಲ್ಲ. ಒಂದು ಮೀನಿನ ತಲೆ ತೆಗೆದು, ಹೊಟ್ಟೆ ಬಿಡಿಸಿ, ಪಾತ್ರೆಗೆ ಹಾಕಿ, ಇನ್ನೊಂದು ಹಿಡಿದಳು.

"ಗೊತ್ತಿತ್ತ್" ಅಂದಳು.

"ಹ್ಯಾಂಗೆ?"

"ರೆಕಾರ್ಡ್ ಮಾಡುವವ್ಳ್ ಓದಿ ಹೇಳ್ದಳ್. ವಸ್ತುತಃ ಅಂದ್ ಶುರು ಆತ್ತ್ ಅಲ್ದಾ? ವಸ್ತುತಃ ಅಂದ್ರೆ ಎಂತ ಅಕ್ಕ ಅಂದ್ ಕೇಂಡಳ್. ನಂಗ್ ನಗಿ ಬಂತ್. ಆರ್ನೇ ಕ್ಲಾಸಂಗ್ ಭಾಷಣಕ್ಕ್ ನೀನ್ ಬಾಯ್ಪಾಠ ಮಾಡ್ದ್ ಮಾತಲ್ದಾ ಅದ್. ಒಂದ್ ವಾರ ನಾನೇ ಎದ್ರ್ ಕೂತ್ಕಂಡ್ ಕೇಂಡಿದ್ದೆ. ಈ ಊರಂಗ್ ಮತ್ಯಾರ್ ಹೇಳ್ತ್ರ್ ಆ ಶಬ್ದ?"

ನನಗೆ ತಲೆ ಎತ್ತಲಾಗಲಿಲ್ಲ. "ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ? ನಿನ್ನ ಕತೆ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು."

"ಯಾರ್ ಹತ್ರ ಹೇಳುದ್? ಅವ್ರಿಗೆಲ್ಲ ನನ್ ತಮ್ಮ ಕಳ್ಳ ಅಂದ್ ಹೇಳ್ಕಾ?" ಮೊದಲ ಸಲ ಅವಳ ದನಿ ಏರಿತು. "ನೀನ್ ಪುಸ್ತಕದಂಗ್ ಬರ್ದದ್ದ್ ನಾನ್ ಆಗ್ಲೇ ಓದಿದ್ದೆ. ಅಕ್ಷರ ಕೂಡ್ಸಿ ಕೂಡ್ಸಿ ಓದುಕೆ ನಾಲ್ಕ್ ದಿನ ಆಯ್ತ್. ಬರ್ಕಣ್ಲಿ, ಅವ್ನಿಗ್ ಬೇಕಾಯ್ತ್ ಅಂದ್ಕಂಡೆ. ಹೆಣ್ ಅಂದ್ ಇದ್ದದ್ದನ್ನ್ ಗಂಡ್ ಮಾಡ್ದೆಯಲೆ, ಅದೊಂದ್ ಬೇಜಾರಾಯ್ತ್. ಡಬ್ಬಿ ಹಿಡ್ಕಂಡ್ ನಿಂತದ್ ನಾನಲ್ದಾ. ಕಾಲ್ ನಡ್ಗಿದ್ದ್ ನಂದಲ್ದಾ."

ತಪ್ಪಾಯಿತು ಅಂದೆ. ಅವಳು ಮೀನು ತೊಳೆಯಲು ನೀರು ಸೇದಿಕೊಡು ಅಂದಳು. ನಾನು ಎರಡು ಕೊಡಪಾನ ನೀರು ಸೇದಿದೆ. ಅವಳು ಉಪ್ಪು ಹಾಕಿ ಉಜ್ಜಿ ಮೂರು ಸಲ ತೊಳೆದಳು. ಪಾತ್ರೆ ಮುಚ್ಚಿಟ್ಟು ಕೇಳಿದಳು.

"ಎಂತಕ್ ಮಾಡ್ದೆ ತಮ್ಮ? ನೀನ್ ಓದ್ದವ. ಪುಸ್ತಕ ಮಾಡ್ದವ. ನಂಗ್ ಎಂತ ಇತ್ತ್ ಅಂದ್ ಹೊಟ್ಟಿಕಿಚ್ಚ್?"

"ಬಸ್ಸಲ್ಲಿ ಒಬ್ಬರು ನಿನ್ನ ಕತೆ ಕೇಳ್ತಾ ಇಳಿಯೋ ಸ್ಟಾಪು ಮರೆತ್ರು" ಅಂದೆ.

ಅವಳಿಗೆ ಅದು ಅರ್ಥವಾಗಲಿಲ್ಲ. ಪಾಪ, ಆಮೇಲೆ ಅವರು ಹೇಗೆ ಹೋದರು ಎಂದು ಕೇಳಿದಳು.

ಊಟ ಬಡಿಸುವಾಗ ಹೇಳಿದಳು, ನನ್ನ ಕಡೆ ನೋಡದೆ. "ನನ್ ಎದ್ರ್ ಹೇಳಿದ್ರೆ ಆತಿಲ್ಲ. ಎಲ್ಲಿ ಬರ್ದ್ಯೋ ಅಲ್ಲೇ ಬರಿ. ನಿನ್ ಹೆಸ್ರಂಗೇ ಬರಿ."

ಅದನ್ನು ಬರೆಯಲು ನನಗೆ ಎಂಟು ದಿನ ಬೇಕಾಯಿತು. ಬರೆದದ್ದು ಐದು ಸಾಲು. ಮೊದಲನೆಯ ದಿನ ಬರೆದದ್ದರಲ್ಲಿ ಒಡಹುಟ್ಟಿದವರ ನೆನಪುಗಳು ಬೆರೆತು ಹೋಗುತ್ತವೆ ಎಂದೆಲ್ಲ ಇತ್ತು. ಹೆಂಡತಿಗೆ ತೋರಿಸಿದೆ. ಅವಳು ಓದಿ, "ಇದ್ ತಪ್ಪ್ ಒಪ್ಪುದಾ, ಮುಚ್ಚುದಾ?" ಅಂದಳು. ಅಳಿಸಿದೆ. ಕೊನೆಗೆ ಗೆಳತಿಗೆ ಹೇಳಿ ಕತೆಯನ್ನು ಚಾನೆಲ್ಲಿಗೆ ಮತ್ತೆ ಹಾಕಿಸಿ, ಅದರ ಕೆಳಗೆ ಹೀಗೆ ಬರೆದೆ: ಈ ಕತೆ ನನ್ನ ಅಕ್ಕನದು. ಇದು ಆದದ್ದು ಅವಳಿಗೆ. ನಾನು ಅದನ್ನು ಅವಳಿಂದ ಕೇಳಿ, ಅವಳನ್ನು ಕೇಳದೆ, ನನ್ನದೆಂದು ಪುಸ್ತಕದಲ್ಲಿ ಹಾಕಿದೆ. ಅವಳು ಕದ್ದಳೆಂದು ಸುಳ್ಳು ಹೆಸರಿನಲ್ಲಿ ಬರೆದವನೂ ನಾನೇ. ಕಾರಣ ಹೊಟ್ಟೆಕಿಚ್ಚು. ಕೆಳಗೆ ನನ್ನ ಹೆಸರು.

ಬೈಗುಳ ಬಂತು. ಬರಬೇಕಾದದ್ದೇ. ಅಂಗಡಿಗೇ ಬಂದು ನನ್ನ ಮುಖ ನೋಡಿ ಹೋದವರಿದ್ದಾರೆ. ಬೈಂದೂರಿನ ಮೇಷ್ಟ್ರು ಕಾರ್ಡು ಬರೆದರು. "ಕೇಳಿದ ಹಾಗಿದೆ ಎಂದಿರಲ್ಲ, ಈಗ ಸರಿಯಾಗಿ ಕೇಳಿಸಿತು" ಎಂದು ಒಂದೇ ಸಾಲು. ಬ್ರಹ್ಮಾವರದ ಮೇಡಂಗೆ ನಾನೇ ಫೋನು ಮಾಡಿ ಅಕ್ಕನ ನಂಬರು ಕೊಟ್ಟೆ. ಅಕ್ಕ ಒಂದು ದಿನ ರಜೆ ಹಾಕಿ ಹೋಗಿ ಬಂದಳು. ರಜೆ ಕೇಳಿದರೆ ಸಿಗುತ್ತಿತ್ತು. ನನ್ನನ್ನು ಯಾರೂ ಕರೆಯಲಿಲ್ಲ. ಮಕ್ಕಳು ಅವಳನ್ನು ಎರಡು ಗಂಟೆ ಬಿಡಲಿಲ್ಲವೆಂದು ಅವಳ ಗೆಳತಿ ಹೇಳಿದಾಗ, ಇಷ್ಟೆಲ್ಲ ಆದ ಮೇಲೂ, ಅದೇ ಹುಳಿ ಎದೆಯ ಕೆಳಗೆ ಬಂತು. ಅದು ಬರುವುದು ಗೊತ್ತಾಗುತ್ತದೆ ಎಂಬುದಷ್ಟೇ ಈಗಿನ ವ್ಯತ್ಯಾಸ.

ಅವಳ ಕತೆಗಳನ್ನೆಲ್ಲ ಟೈಪು ಮಾಡಿ ಅವಳ ಹೆಸರಿನಲ್ಲಿ ಪುಸ್ತಕ ಮಾಡಿಕೊಡುತ್ತೇನೆಂದು ಒಮ್ಮೆ ಹೇಳಿದೆ. ಅವಳು ಒಪ್ಪಲಿಲ್ಲ. "ನಂಗ್ ಪುಸ್ತಕ ಎಂತಕ್? ಬಾಯಿ ಇತ್ತಲೆ. ನಿನ್ ಕತಿ ನೀನ್ ಬರಿ" ಅಂದಳು. ನನ್ನ ಮನಸ್ಸಿನ ಒಂದು ಮೂಲೆಗೆ ಸಮಾಧಾನವಾಯಿತು. ಪುಸ್ತಕದ ಅಂಗಡಿಯಲ್ಲಾದರೂ ಅವಳು ನನ್ನ ಪಕ್ಕ ಬರುವುದಿಲ್ಲವಲ್ಲ ಎಂದು.

ಬಾವಿಯ ಹೆಣದ ನೂರಕ್ಕೂ ಮಿಕ್ಕ ಪುಟಗಳನ್ನು ಬದಿಗಿಟ್ಟೆ. ವರ್ಷದ ಕೊನೆಯ ನಾಲ್ಕು ತಿಂಗಳಲ್ಲಿ ಬೇರೆಯದೇ ಒಂದು ಸಣ್ಣ ಕಾದಂಬರಿ ಬರೆದೆ. ಅರ್ಜಿ ಟೈಪು ಮಾಡುವವನೊಬ್ಬನ ಹತ್ತಿರ ಒಬ್ಬ ಹೆಂಗಸು ತಿಂಗಳಿಗೊಮ್ಮೆ ಬಂದು ತನ್ನದೇ ಮರಣ ಪ್ರಮಾಣಪತ್ರಕ್ಕೆ ಅರ್ಜಿ ಬರೆಸುತ್ತಾಳೆ. ಗುಡುಗು ಮಿಂಚು ಇಲ್ಲ. ಎಲ್ಲ ನಡೆಯುವುದು ಹಗಲಲ್ಲಿ, ತಾಲೂಕು ಕಚೇರಿ ತೆರೆದಿರುವ ಹೊತ್ತಿನಲ್ಲಿ. ಇದು ಯಾರೋ ಹೇಳಿದ ಕತೆಯಲ್ಲ. ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತು ನನಗೇ ಹೊಳೆದದ್ದು.

ಅಚ್ಚಾದ ಮೇಲೆ ಮೊದಲ ಪ್ರತಿಯನ್ನು ಅಕ್ಕನಿಗೆ ಕೊಟ್ಟೆ. ಈ ಸಲ ಅವಳು ಅದನ್ನು ಫ್ಯಾಕ್ಟರಿಗೆ ಒಯ್ದಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳ ಗೆಳತಿ ದಿನಕ್ಕೆ ಸ್ವಲ್ಪ ಸ್ವಲ್ಪ ಎಲ್ಲರಿಗೂ ಓದಿ ಹೇಳಿದಳಂತೆ. ಹನ್ನೆರಡು ದಿನಕ್ಕೆ ಮುಗಿಯಿತು. ಅಕ್ಕ ಫೋನು ಮಾಡಿದಳು.

"ಮುಗ್ದೋಯ್ತ್ ತಮ್ಮ ನಿನ್ ಪುಸ್ತಕ."

"ಹ್ಯಾಂಗಿತ್ತು?"

"ಶುರುವಿಗ್ ಉದ್ದ ಆಯ್ತ್. ಕೆಲವ್ರಿಗ್ ನಿದ್ರಿ ಬಂತ್. ಕಚೇರಿಯವ್ರ್ ಓಡಾಡ್ಸುದ್ ಬಂದಲ್ಲಿ ಎಲ್ಲ ನಗಾಡ್ದ್ರ್."

ಅದು ನಗುವ ಜಾಗವೆಂದು ನಾನು ಬರೆದಿರಲಿಲ್ಲ. "ಎಲ್ಲಾದ್ರೂ ಹೆದರಿದ್ರಾ?" ಎಂದು ಕೇಳಿದೆ. ಕೇಳಬಾರದೆಂದುಕೊಂಡೇ ಇದ್ದೆ.

ಅವಳು ಯೋಚಿಸಿದಳು. ಸುಳ್ಳು ಹೇಳುವವಳಲ್ಲ. "ಒಂದ್ ಕಡೆ. ಅವ್ಳ್ ಅರ್ಜಿಗ್ ಸೈ ಹಾಕುಕೆ ಪೆನ್ ಕೇಂತಳಲೆ, ಕೊಟ್ಟವ್ನ್ ಕಂಡ್ರೆ ಹಾಳಿ ಮೇಲೆ ಆಗ್ಲೇ ಸೈ ಇತ್ತ್. ಅಲ್ಲಿ. ಯಾರೂ ಮಾತಾಡ್ಲಿಲ್ಲ. ಒಬ್ಳ್ ಬಾಯಿ ಹತ್ರ ತಂದ್ ತುತ್ತನ್ನ್ ಹಾಂಗೇ ಹಿಡ್ಕಂಡ್ ಕೂತಿದ್ಲ್. ನಂಗೂ ಮೈ ಜುಮ್ ಅಂತ್."

ಫೋನಿಟ್ಟು ಪುಸ್ತಕದಲ್ಲಿ ಆ ಪುಟ ತೆಗೆದು ಓದಿದೆ. ಕೈಯಲ್ಲಿ ತುತ್ತು ಹಿಡಿದು ಕೂತ ಆ ಹೆಂಗಸಿನ ಮುಖ ಹೇಗಿತ್ತು ಎಂದು ಕಲ್ಪಿಸಿಕೊಳ್ಳಲು ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ. ಬರೆದವನು ನಾನು. ಅದನ್ನು ಎದುರು ಕೂತು ಕಂಡವಳು ಅಕ್ಕ.